ಬೆಲೆ ಏರಿದಷ್ಟೂ ಉರಿಯುವ ವಿದ್ಯುತ್: ಬಿಟ್‌ಕಾಯಿನ್ ಗಣಿಗಾರಿಕೆ ಮತ್ತು ನಮ್ಮ ಗ್ರಿಡ್

ಬಿಟ್‌ಕಾಯಿನ್ ನುಂಗುವ ವಿದ್ಯುತ್ತಿನ ಮಾತು ಬಂದಾಗಲೆಲ್ಲ ಬೆಂಗಳೂರಿನ ತಂತ್ರಜ್ಞರ ನಡುವೆ ತಪ್ಪದೆ ಕೇಳಿಬರುವ ಒಂದು ಸಮಾಧಾನವಿದೆ. ಚಿಪ್‌ಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ, ಹಾಗಾಗಿ ಈ ಸಮಸ್ಯೆ ತಾನಾಗಿಯೇ ಕರಗುತ್ತದೆ ಎಂಬುದು ಆ ಸಮಾಧಾನ. ಎಲ್‌ಇಡಿ ಬಲ್ಬು, ಫ್ರಿಜ್, ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಬಿಟ್‌ಕಾಯಿನ್ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲ ಎಂಬುದು ತಿಳಿಯದೆ ಈ ಉದ್ಯಮದ ಪರಿಸರ ಪರಿಣಾಮವನ್ನು ಅಳೆಯಲು ಸಾಧ್ಯವಿಲ್ಲ. ಕರ್ನಾಟಕದಂಥ ರಾಜ್ಯ ಅದರ ಬಗ್ಗೆ ಯಾವ ನಿಲುವು ತಾಳಬೇಕು ಎಂಬುದನ್ನು ತೀರ್ಮಾನಿಸಲೂ ಸಾಧ್ಯವಿಲ್ಲ.

2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್ ಜಾಲದಲ್ಲಿ ಬ್ಯಾಂಕಿನಂಥ ಕೇಂದ್ರೀಯ ಲೆಕ್ಕಿಗ ಇಲ್ಲ. ವಹಿವಾಟುಗಳನ್ನು ಒಂದು ಬ್ಲಾಕ್‌ನಲ್ಲಿ ಸೇರಿಸಿ ಖಾತೆ ಪುಸ್ತಕಕ್ಕೆ ಅಂಟಿಸುವ ಹಕ್ಕಿಗಾಗಿ ಜಗತ್ತಿನ ಎಲ್ಲೆಡೆಯ ಯಂತ್ರಗಳು ಪೈಪೋಟಿ ನಡೆಸುತ್ತವೆ. ಪೈಪೋಟಿ ಎಂದರೆ ಇಷ್ಟೇ: ಬ್ಲಾಕ್‌ನ ಮಾಹಿತಿಗೆ ಒಂದು ಸಂಖ್ಯೆಯನ್ನು ಸೇರಿಸಿ, ಎಸ್‌ಎಚ್‌ಎ-256 ಎಂಬ ಸೂತ್ರದ ಮೂಲಕ ಹಾಯಿಸಿ, ಬರುವ ಉತ್ತರ ನಿಗದಿತ ಮಿತಿಗಿಂತ ಚಿಕ್ಕದಾಗಿದೆಯೇ ಎಂದು ನೋಡುವುದು, ಇಲ್ಲದಿದ್ದರೆ ಸಂಖ್ಯೆಯನ್ನು ಬದಲಿಸಿ ಮತ್ತೆ ನೋಡುವುದು. ಇಲ್ಲಿ ಜಾಣತನಕ್ಕೆ ಎಡೆಯಿಲ್ಲ, ಊಹಿಸಲು ಅಡ್ಡದಾರಿಯೂ ಇಲ್ಲ. ಯಾರು ಸೆಕೆಂಡಿಗೆ ಹೆಚ್ಚು ಬಾರಿ ಪ್ರಯತ್ನಿಸುತ್ತಾರೋ ಅವರ ಗೆಲುವಿನ ಸಾಧ್ಯತೆ ಹೆಚ್ಚು. ಗೆದ್ದವರಿಗೆ ಹೊಸ ಬಿಟ್‌ಕಾಯಿನ್ ನಾಣ್ಯಗಳು ಪ್ರತಿಫಲವಾಗಿ ಸಿಗುತ್ತವೆ, ಈ ಪೈಪೋಟಿಗೇ ಗಣಿಗಾರಿಕೆ ಎಂದು ಹೆಸರು. ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ ಹುಟ್ಟಬೇಕೆಂಬುದು ನಿಯಮವಾದ್ದರಿಂದ ಪ್ರತಿ 2016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಜಾಲವು ಆ ಮಿತಿಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಯಂತ್ರಗಳು ಹೆಚ್ಚಾದರೆ ಅಥವಾ ವೇಗವಾದರೆ ಒಗಟು ಅಷ್ಟೇ ಪ್ರಮಾಣದಲ್ಲಿ ಕಠಿಣವಾಗುತ್ತದೆ. ಬ್ಲಾಕ್‌ಗಳು ಹಿಂದಿನಂತೆಯೇ ಹತ್ತು ನಿಮಿಷಕ್ಕೊಂದರಂತೆ ಬರುತ್ತವೆ, ಹೊಸ ನಾಣ್ಯಗಳ ಸಂಖ್ಯೆಯೂ ಅದರಿಂದ ಬದಲಾಗುವುದಿಲ್ಲ.

ಚಿಪ್‌ಗಳ ಸುಧಾರಣೆ ವಿದ್ಯುತ್ ಉಳಿತಾಯವಾಗಿ ಮಾರ್ಪಡದಿರುವ ಕಾರಣ ಇಲ್ಲಿದೆ. 2016ರ ಹೊತ್ತಿಗೆ ಹೆಸರುವಾಸಿಯಾಗಿದ್ದ ಆಂಟ್‌ಮೈನರ್ ಎಸ್9 ಯಂತ್ರ ಒಂದು ಲಕ್ಷ ಕೋಟಿ ಪ್ರಯತ್ನಗಳಿಗೆ ಸುಮಾರು 100 ಜೂಲ್ ಶಕ್ತಿ ಬಳಸುತ್ತಿತ್ತು. ಅದೇ ಸರಣಿಯ ಎಸ್21 ಅಷ್ಟೇ ಕೆಲಸವನ್ನು 17.5 ಜೂಲ್‌ಗಳಲ್ಲಿ ಮುಗಿಸುತ್ತದೆ. ದಕ್ಷತೆ ಐದು ಪಟ್ಟಿಗೂ ಮೀರಿ ಹೆಚ್ಚಿತು. ಆದರೆ ಅದೇ ಅವಧಿಯಲ್ಲಿ ಜಾಲದ ಒಟ್ಟು ಪ್ರಯತ್ನಗಳ ವೇಗ ನೂರಾರು ಪಟ್ಟು ಹೆಚ್ಚಿ, 2025ರಲ್ಲಿ ಸೆಕೆಂಡಿಗೆ ಒಂದು ಝೆಟ್ಟಾಹ್ಯಾಶ್, ಅಂದರೆ ಒಂದರ ಮುಂದೆ 21 ಸೊನ್ನೆಗಳಷ್ಟು ಪ್ರಯತ್ನಗಳ ಮಟ್ಟವನ್ನು ಮುಟ್ಟಿತು. ಉಳಿದ ವಿದ್ಯುತ್ತೆಲ್ಲ ಇನ್ನಷ್ಟು ಯಂತ್ರಗಳನ್ನು ಓಡಿಸಲು ಹೋಯಿತು.

ಹಾಗಾದರೆ ಈ ಜಾಲದ ಬಳಕೆಗೆ ಮಿತಿ ಹಾಕುವುದು ಯಾವುದು? ಬಹುಮಟ್ಟಿಗೆ ನಾಣ್ಯದ ಬೆಲೆ. 2024ರ ಏಪ್ರಿಲ್‌ನಲ್ಲಿ ಜಾಲದ ನಿಯಮದಂತೆ ಪ್ರತಿಫಲ ಅರ್ಧಕ್ಕಿಳಿದ ಮೇಲೆ ಒಂದು ಬ್ಲಾಕ್‌ಗೆ 3.125 ಬಿಟ್‌ಕಾಯಿನ್, ದಿನಕ್ಕೆ 144 ಬ್ಲಾಕ್‌ಗಳಿಗೆ 450 ಬಿಟ್‌ಕಾಯಿನ್ ಸಿಗುತ್ತದೆ. ನಾಣ್ಯವೊಂದಕ್ಕೆ ಒಂದು ಲಕ್ಷ ಡಾಲರ್ ಎಂದಿಟ್ಟುಕೊಂಡರೆ ಪೈಪೋಟಿಗಿಳಿದವರೆಲ್ಲರ ಮುಂದೆ ದಿನವೂ ಬೀಳುವ ಹಣ 4.5 ಕೋಟಿ ಡಾಲರ್. ಯೂನಿಟ್‌ಗೆ 5 ಸೆಂಟ್ ದರದಲ್ಲಿ ಆ ಹಣದಿಂದ 90 ಕೋಟಿ ಯೂನಿಟ್ ಕೊಳ್ಳಬಹುದು. ನಿಜವಾದ ಬಳಕೆ ಅದರ ಶೇ. 40ರ ಆಸುಪಾಸಿನಲ್ಲಿದೆ, ಉಳಿದದ್ದು ಯಂತ್ರಗಳ ಬೆಲೆ, ಬಾಡಿಗೆ, ಸಂಬಳ, ಬಡ್ಡಿ, ಲಾಭಗಳಿಗೆ ಹಂಚಿಹೋಗುತ್ತದೆ. ಬೆಲೆ ಎರಡು ಪಟ್ಟಾದರೆ ಇನ್ನಷ್ಟು ಯಂತ್ರಗಳು ಬರುತ್ತವೆ, ಬೆಲೆ ಕುಸಿದರೆ ಹಳೆಯ ಯಂತ್ರಗಳು ಆಫ್ ಆಗುತ್ತವೆ. ವ್ಯವಸ್ಥೆಯ ಒಳಗುಟ್ಟು ಇದೇ. ಬಳಕೆದಾರರ ಅಗತ್ಯವಾಗಲೀ ವಹಿವಾಟುಗಳ ಸಂಖ್ಯೆಯಾಗಲೀ ವಿದ್ಯುತ್ ಬಳಕೆಯನ್ನು ನೇರವಾಗಿ ನಿರ್ಧರಿಸುವುದಿಲ್ಲ. ಮಾರುಕಟ್ಟೆಯ ಬೆಲೆಯೇ ವಿದ್ಯುತ್ತಾಗಿ ಉರಿಯುತ್ತದೆ. ಇದನ್ನು ದೋಷವೆಂದು ಕರೆಯುವುದೂ ಸರಿಯಲ್ಲ, ಏಕೆಂದರೆ ಖಾತೆ ಪುಸ್ತಕವನ್ನು ತಿದ್ದಲು ಹೊರಟವನಿಗೆ ಅಷ್ಟೇ ದುಬಾರಿಯಾಗಲಿ ಎಂಬುದೇ ಈ ವಿನ್ಯಾಸದ ಉದ್ದೇಶ. ಖರ್ಚೇ ಇಲ್ಲಿ ಕಾವಲು. ಆದ್ದರಿಂದ ಖರ್ಚು ತಗ್ಗಿಸುತ್ತೇವೆ, ಭದ್ರತೆ ಹಾಗೆಯೇ ಇರುತ್ತದೆ ಎಂದು ಈ ವಿಧಾನದೊಳಗೇ ಇದ್ದು ಹೇಳಲು ಬರುವುದಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಪರ್ಯಾಯ ಹಣಕಾಸು ಕೇಂದ್ರ 2025ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಬಿಟ್‌ಕಾಯಿನ್ ಜಾಲ ವರ್ಷಕ್ಕೆ ಸುಮಾರು 138 ಟೆರಾವಾಟ್-ಗಂಟೆ, ಅಂದರೆ 13,800 ಕೋಟಿ ಯೂನಿಟ್ ಬಳಸುತ್ತದೆ. ಜಗತ್ತಿನ ವಿದ್ಯುತ್ ಬಳಕೆಯಲ್ಲಿ ಇದು ಶೇ. 0.5ರಷ್ಟು. ಶೇಕಡಾ ಅರ್ಧ ಎಂದಾಗ ಚಿಕ್ಕದೆನಿಸುತ್ತದೆ. ಕೃಷಿ ಪಂಪ್‌ಸೆಟ್, ಕಾರ್ಖಾನೆ, ಮೆಟ್ರೋ, ಮನೆ, ಐಟಿ ಪಾರ್ಕ್ ಎಲ್ಲವೂ ಸೇರಿ ಇಡೀ ಕರ್ನಾಟಕ ಒಂದು ವರ್ಷದಲ್ಲಿ ಬಳಸುವ ವಿದ್ಯುತ್ತಿಗಿಂತ ಇದು ಹೆಚ್ಚು. ವರ್ಷವಿಡೀ ಹಗಲೂ ರಾತ್ರಿ ಸುಮಾರು 15,700 ಮೆಗಾವಾಟ್ ಹೊರೆ ಎಂದು ಬಿಡಿಸಿಕೊಂಡರೆ, ಒಟ್ಟು 1,720 ಮೆಗಾವಾಟ್ ಸಾಮರ್ಥ್ಯದ ನಮ್ಮ ರಾಯಚೂರು ಶಾಖೋತ್ಪನ್ನ ಕೇಂದ್ರದಂಥ ಒಂಬತ್ತು ಸ್ಥಾವರಗಳು ಒಂದು ಗಂಟೆಯೂ ನಿಲ್ಲದೆ ಪೂರ್ಣ ಸಾಮರ್ಥ್ಯದಲ್ಲಿ ಓಡಬೇಕು.

ಈ ಪ್ರಮಾಣ ಒಂದೊಂದು ಯಂತ್ರವಾಗಿ ಹೇಗೆ ಕಾಣುತ್ತದೆ ಎಂಬುದನ್ನೂ ನೋಡಬೇಕು. ಎಸ್21 ವರ್ಗದ ಯಂತ್ರ ಶೂ ಡಬ್ಬಕ್ಕಿಂತ ಸ್ವಲ್ಪ ದೊಡ್ಡದಾದ ಲೋಹದ ಪೆಟ್ಟಿಗೆ. ಒಳಗೆ ಅಲ್ಯೂಮಿನಿಯಂ ರೆಕ್ಕೆಗಳನ್ನು ಹೊತ್ತ ಮೂರು ಬೋರ್ಡ್‌ಗಳು, ಎರಡೂ ತುದಿಗಳಲ್ಲಿ ಫ್ಯಾನ್‌ಗಳು. ಒಂದು ಕಡೆಯಿಂದ ಕೋಣೆಯ ಗಾಳಿಯನ್ನು ಎಳೆದುಕೊಂಡು ಇನ್ನೊಂದು ಕಡೆಯಿಂದ ಬಿಸಿಗಾಳಿಯನ್ನು ತಳ್ಳುತ್ತಾ, ಪಕ್ಕದಲ್ಲಿ ನಿಂತವರು ಮಾತನಾಡಲು ದನಿ ಏರಿಸಬೇಕಾಗುವಷ್ಟು ಸದ್ದು ಮಾಡುತ್ತದೆ. ಅದು ಎಳೆಯುವ 3,500 ವಾಟ್‌ಗಳೂ ಕೊನೆಗೆ ಶಾಖವೇ ಆಗುತ್ತವೆ. ದಿನಕ್ಕೆ 84 ಯೂನಿಟ್, ತಿಂಗಳಿಗೆ 2,500ಕ್ಕೂ ಹೆಚ್ಚು. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬ ಲೆಕ್ಕದಲ್ಲಿ ಈ ಒಂದು ಪೆಟ್ಟಿಗೆಯ ಪಾಲು ವರ್ಷಕ್ಕೆ ಸುಮಾರು 21 ಟನ್. ಇಷ್ಟೆಲ್ಲ ಮಾಡಿಯೂ ಒಂಟಿಯಾಗಿ ಓಡುವ ಈ ಯಂತ್ರ, ಜಾಲದ ವೇಗ ಒಂದು ಝೆಟ್ಟಾಹ್ಯಾಶ್ ಇರುವಾಗ, ಒಂದು ಬ್ಲಾಕ್ ಗೆಲ್ಲಲು ಸರಾಸರಿ 95 ವರ್ಷ ಕಾಯಬೇಕು. ಆದ್ದರಿಂದಲೇ ಎಲ್ಲರೂ ಪೂಲ್‌ಗಳಿಗೆ ಸೇರಿ, ಗೆದ್ದದ್ದನ್ನು ಪ್ರಯತ್ನದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಇದು ಗಿಟ್ಟುತ್ತದೆಯೇ? ಮೇಲಿನ ವೇಗದಲ್ಲಿ ಆ ಯಂತ್ರಕ್ಕೆ ದಿನಕ್ಕೆ ಬರುವ ಪಾಲು 0.00009 ಬಿಟ್‌ಕಾಯಿನ್. ನಾಣ್ಯಕ್ಕೆ ಲಕ್ಷ ಡಾಲರ್, ಡಾಲರ್‌ಗೆ 85 ರೂಪಾಯಿ ಎಂದುಕೊಂಡರೆ 765 ರೂಪಾಯಿ. ಬೆಸ್ಕಾಂನ ಗೃಹ ಬಳಕೆ ದರ ಯೂನಿಟ್‌ಗೆ 6 ರೂಪಾಯಿ ಆಸುಪಾಸು ಎಂದು ಹಿಡಿದರೂ ಕರೆಂಟಿಗೆ ಸುಮಾರು 500 ರೂಪಾಯಿ ಹೋಗುತ್ತದೆ. ನಿಗದಿತ ಶುಲ್ಕ ಮತ್ತು ವಿದ್ಯುತ್ ತೆರಿಗೆ ಬೇರೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಕ್ರಿಪ್ಟೊ ಆಸ್ತಿಯ ಲಾಭಕ್ಕೆ ಶೇ. 30 ತೆರಿಗೆಯಿದ್ದು, ಖರೀದಿ ವೆಚ್ಚವನ್ನು ಬಿಟ್ಟು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಗಣಿಗಾರಿಕೆಯ ಮೂಲಸೌಕರ್ಯಕ್ಕೆ ಮಾಡಿದ ಖರ್ಚನ್ನು ಖರೀದಿ ವೆಚ್ಚವೆಂದು ಪರಿಗಣಿಸುವುದಿಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿಯೇ ಹೇಳಿದೆ. ಪೂರ್ತಿ ಮೊತ್ತದ ಮೇಲೆ ಶೇ. 30 ಕಟ್ಟಿದರೆ ಉಳಿಯುವುದು 535 ರೂಪಾಯಿ. ಕರೆಂಟ್ ಬಿಲ್ ಕಟ್ಟಿದ ಮೇಲೆ ದಿನಕ್ಕೆ ಮೂವತ್ತು ರೂಪಾಯಿ ಚಿಲ್ಲರೆ. ಯಂತ್ರದ ಬೆಲೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಗೃಹ ಬಳಕೆಯ ಸಂಪರ್ಕದಲ್ಲಿ ವ್ಯಾಪಾರ ನಡೆಸಿದರೆ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್‌ನಡಿ ಅನಧಿಕೃತ ಬಳಕೆಯೆಂದು ದುಪ್ಪಟ್ಟು ದರ ತೆರಬೇಕಾಗಬಹುದು.

ನಿಯಮದಂತೆ ನಡೆಯುವವನಿಗೆ ಗಿಟ್ಟದ ಉದ್ಯಮ ಕರೆಂಟನ್ನು ಪುಕ್ಕಟೆಯಾಗಿ ಅಥವಾ ಕದ್ದು ಪಡೆಯುವವನಿಗೆ ಗಿಟ್ಟುತ್ತದೆ. ನಿಜವಾದ ಅಪಾಯ ಇರುವುದು ಅಲ್ಲಿ. ಮಲೇಷ್ಯಾದ ಸರವಾಕ್‌ನ ಮಿರಿ ಪಟ್ಟಣದಲ್ಲಿ 2021ರಲ್ಲಿ ಪೊಲೀಸರು ವಿದ್ಯುತ್ ಕಳವಿನ ಪ್ರಕರಣಗಳಲ್ಲಿ ವಶಪಡಿಸಿಕೊಂಡ 1,069 ಯಂತ್ರಗಳನ್ನು ರೋಡ್ ರೋಲರ್ ಹಾಯಿಸಿ ಪುಡಿಗಟ್ಟಿದರು. ಸರ್ಕಾರದ ಸಹಾಯಧನದಿಂದ ಕರೆಂಟ್ ಅತಿ ಅಗ್ಗವಾಗಿರುವ ಕುವೈತ್‌ನಲ್ಲಿ 2025ರಲ್ಲಿ ಮನೆಗಳೊಳಗಿನ ಗಣಿಗಾರಿಕೆಯ ವಿರುದ್ಧ ಕಾರ್ಯಾಚರಣೆ ನಡೆದಾಗ ಅಲ್ ವಫ್ರಾ ಪ್ರದೇಶದ ವಿದ್ಯುತ್ ಬಳಕೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ನಮ್ಮ ಗೃಹಜ್ಯೋತಿ ಯೋಜನೆಗೆ 200 ಯೂನಿಟ್‌ಗಳ ಮಿತಿಯಿರುವುದರಿಂದ ಈ ಬಗೆಯ ದುರುಪಯೋಗಕ್ಕೆ ಅದು ಬಾಗಿಲು ತೆರೆಯುವುದಿಲ್ಲ. ಒಂದು ಯಂತ್ರ ಆ 200 ಯೂನಿಟ್‌ಗಳನ್ನು ಎರಡೂವರೆ ದಿನದೊಳಗೆ ಮುಗಿಸಿಬಿಡುತ್ತದೆ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿನ ವಿಷಯ ಬೇರೆ. ಅಲ್ಲಿ ಮೀಟರ್ ಇಲ್ಲದ ಸಂಪರ್ಕಗಳು ಅಪಾರ, 10 ಎಚ್‌ಪಿ ಎಂದರೆ ಎರಡು ಯಂತ್ರಗಳ ಹೊರೆ. ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ ಸಿಗುತ್ತದೆ ಎಂಬುದೊಂದೇ ಈಗಿನ ತಡೆ. ಪಂಪ್‌ಸೆಟ್‌ಗಳಿಗೆ ಮೀಟರ್ ಅಳವಡಿಸುವ ಚರ್ಚೆಯನ್ನು ರೈತರ ಮೇಲಿನ ಅನುಮಾನವಾಗಿ ನೋಡದೆ, ರೈತರ ಹೆಸರಿನ ವಿದ್ಯುತ್ ಬೇರೆಯವರ ಪಾಲಾಗದಂತೆ ಕಾಯುವ ಕ್ರಮವಾಗಿ ನೋಡಲು ಇದೂ ಒಂದು ಕಾರಣ ಎಂದು ನನ್ನ ಅಭಿಪ್ರಾಯ.

ಒಂದು ದೇಶ ಗಣಿಗಾರಿಕೆಯನ್ನು ಹೊರಹಾಕಿದರೆ ಅದು ಇಲ್ಲವಾಗುವುದಿಲ್ಲ, ವಲಸೆ ಹೋಗುತ್ತದೆ. 2021ರ ಮಧ್ಯಭಾಗದವರೆಗೆ ಚೀನಾದ ಗಣಿಗಾರರು ಮಳೆಗಾಲದಲ್ಲಿ ಜಲವಿದ್ಯುತ್ ಸಮೃದ್ಧವಾಗಿದ್ದ ಸಿಚುವಾನ್‌ಗೆ ಬಂದು, ನದಿಗಳು ಇಳಿದಾಗ ಕಲ್ಲಿದ್ದಲಿನ ಶಿನ್‌ಜಿಯಾಂಗ್‌ಗೆ ಯಂತ್ರಗಳನ್ನು ಲಾರಿಗಳಲ್ಲಿ ಸಾಗಿಸುತ್ತಿದ್ದರು. ಚೀನಾ ಸರ್ಕಾರ ಅವರನ್ನು ಮುಚ್ಚಿಸಿದ ಮೇಲೆ ಬಹಳಷ್ಟು ಯಂತ್ರಗಳು ಕಲ್ಲಿದ್ದಲನ್ನೇ ನೆಚ್ಚಿಕೊಂಡ ಕಝಾಕ್‌ಸ್ತಾನಕ್ಕೂ, ಅಮೆರಿಕದ ಅನಿಲ ಮತ್ತು ಕಲ್ಲಿದ್ದಲಿನ ಗ್ರಿಡ್‌ಗಳಿಗೂ ಹೋದವು. 2022ರ ಆರಂಭದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಜಾಲದಲ್ಲಿ ನವೀಕರಿಸಬಹುದಾದ ವಿದ್ಯುತ್ತಿನ ಪಾಲು ಈ ವಲಸೆಯಿಂದ ಶೇ. 42ರ ಆಸುಪಾಸಿನಿಂದ ಶೇ. 25ಕ್ಕೆ ಕುಸಿಯಿತು. ಕಝಾಕ್‌ಸ್ತಾನದಲ್ಲಿ ವಿದ್ಯುತ್ ಅಭಾವ ಎಷ್ಟು ಬಿಗಡಾಯಿಸಿತೆಂದರೆ 2022ರ ಜನವರಿಯಲ್ಲಿ ಗಣಿಗಾರರ ಸಂಪರ್ಕವನ್ನೇ ಕಡಿಯಬೇಕಾಯಿತು. ಇರಾನ್ 2021ರ ಬೇಸಿಗೆಯಲ್ಲಿ ನಗರಗಳು ಕತ್ತಲಾದಾಗ ನಾಲ್ಕು ತಿಂಗಳ ನಿಷೇಧ ಹೇರಿತ್ತು.

ಈಗ ಉದ್ಯಮದ ಅತ್ಯಂತ ಗಟ್ಟಿ ವಾದಕ್ಕೆ ಬರೋಣ. ಕೇಂಬ್ರಿಜ್‌ನ ಅದೇ ವರದಿಯ ಪ್ರಕಾರ, ಸಮೀಕ್ಷೆಯಲ್ಲಿ ಪಾಲ್ಗೊಂಡ ಕಂಪನಿಗಳ ವಿದ್ಯುತ್ತಿನಲ್ಲಿ ಶೇ. 52.4ರಷ್ಟು ಜಲ, ಗಾಳಿ, ಸೂರ್ಯ, ಅಣುಶಕ್ತಿಯಂಥ ಮೂಲಗಳಿಂದ ಬಂದದ್ದು. ಕಲ್ಲಿದ್ದಲಿನ ಪಾಲು ಶೇ. 9ಕ್ಕಿಂತ ಕಡಿಮೆ. ಕಂಪನಿಗಳು ತಾವೇ ಕೊಟ್ಟ ಮಾಹಿತಿ ಇದು, ಜಾಲದ ಅರ್ಧದಷ್ಟನ್ನು ಮಾತ್ರ ಪ್ರತಿನಿಧಿಸುತ್ತದೆ. ಹಾಗಿದ್ದರೂ ಅದನ್ನು ತಳ್ಳಿಹಾಕಬೇಕಾಗಿಲ್ಲ. ನನ್ನ ತಕರಾರು ಬೇರೆ: ಯಂತ್ರಕ್ಕೆ ಬಂದ ವಿದ್ಯುತ್ತಿನ ಮೂಲ ಯಾವುದು ಎನ್ನುವುದು ಅರ್ಧ ಪ್ರಶ್ನೆ, ಆ ವಿದ್ಯುತ್ ಅಲ್ಲಿಗೆ ಹೋಗದಿದ್ದರೆ ಎಲ್ಲಿಗೆ ಹೋಗುತ್ತಿತ್ತು ಎನ್ನುವುದು ಉಳಿದರ್ಧ.

ಭೂತಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಸರ್ಕಾರಿ ಹೂಡಿಕೆ ಸಂಸ್ಥೆಯೇ ಜಲವಿದ್ಯುತ್ತಿನಿಂದ ಬಿಟ್‌ಕಾಯಿನ್ ಗಳಿಸುತ್ತಿದೆ. ಆ ಜಾಗದಲ್ಲಿ ನಿಂತು ನೋಡಿದರೆ ಹೊಗೆಯೇ ಇಲ್ಲ. ಆದರೆ ಭೂತಾನ್ ಮಳೆಗಾಲದ ಹೆಚ್ಚುವರಿ ವಿದ್ಯುತ್ತನ್ನು ಭಾರತಕ್ಕೆ ಮಾರುತ್ತದೆ, ಚಳಿಗಾಲದಲ್ಲಿ ನದಿಗಳು ಸೊರಗಿದಾಗ ಭಾರತದಿಂದ ಕೊಳ್ಳುತ್ತದೆ. ಅಲ್ಲಿ ಯಂತ್ರಕ್ಕೆ ಹೋದ ಪ್ರತಿ ಯೂನಿಟ್ ಭಾರತದ ಗ್ರಿಡ್‌ಗೆ ಬಾರದೆ ಹೋದ ಅಥವಾ ಇಲ್ಲಿಂದ ಹೋಗಬೇಕಾದ ಯೂನಿಟ್. ಆ ಕೊರತೆಯನ್ನು ತುಂಬುವುದು ಬಹುಪಾಲು ನಮ್ಮ ಕಲ್ಲಿದ್ದಲು. ಸಣ್ಣ ದೇಶವೊಂದು ತನ್ನ ನದಿಗಳಿಂದ ಹೆಚ್ಚು ಆದಾಯ ಬಯಸುವುದು ತಪ್ಪಲ್ಲ. ಅದನ್ನು ಇಂಗಾಲರಹಿತವೆಂದು ಲೆಕ್ಕ ಬರೆಯುವುದು ಮಾತ್ರ ಸರಿಯಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆ ಗಂಟೆಗಳ ಲೆಕ್ಕಕ್ಕಿಳಿಯುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಸೇರಿದಂತೆ ನಮ್ಮಲ್ಲಿ ನಡುಹಗಲಿನಲ್ಲಿ ಸೌರ ವಿದ್ಯುತ್ ಸಮೃದ್ಧವಾಗಿದೆ. ಸೂರ್ಯ ಮುಳುಗಿದ ಮೇಲೆ ಬಹುಮಟ್ಟಿಗೆ ಶರಾವತಿಯ ನೀರು, ಕೈಗಾದ ಅಣುಸ್ಥಾವರ, ರಾಯಚೂರು, ಬಳ್ಳಾರಿ, ಯರಮರಸ್‌ಗಳ ಕಲ್ಲಿದ್ದಲೇ ಗತಿ. ಹಗಲಿನ ಹೆಚ್ಚುವರಿಯಲ್ಲಿ ಮಾತ್ರ ಯಂತ್ರಗಳನ್ನು ಓಡಿಸಿದರೆ ತೊಂದರೆಯೇನು ಎಂದು ಕೇಳುವವರಿದ್ದಾರೆ. ತೊಂದರೆ ಯಂತ್ರದ ಆಯುಷ್ಯದಲ್ಲಿದೆ. ಲಕ್ಷಗಟ್ಟಲೆ ಕೊಟ್ಟು ತಂದ ಯಂತ್ರ ಎಂಟು ಗಂಟೆ ಮಾತ್ರ ಓಡಿದರೆ ಗಳಿಕೆ ಮೂರರಲ್ಲಿ ಒಂದು ಪಾಲಿಗಿಳಿಯುತ್ತದೆ, ಆದರೆ ಪ್ರತಿಸ್ಪರ್ಧಿಗಳ ಹೊಸ ಯಂತ್ರಗಳ ಎದುರು ಅದು ಹಳತಾಗುವ ವೇಗ ತಗ್ಗುವುದಿಲ್ಲ. ಹಾಗಾಗಿ ಸಾಲ ಮಾಡಿ ಯಂತ್ರ ತಂದವನು ರಾತ್ರಿಯೂ ಓಡಿಸಲೇಬೇಕಾಗುತ್ತದೆ. 2023ರ ಅಕ್ಟೋಬರ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ. ಪಂಪ್‌ಸೆಟ್‌ಗಳ ಬೇಡಿಕೆ ಏರಿತು. ಏಳು ಗಂಟೆಯ ತ್ರೀ ಫೇಸ್ ಐದು ಗಂಟೆಗಿಳಿದಾಗ ರೈತರು ಬೀದಿಗಿಳಿದರು. ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಇಲ್ಲಿನ ಗ್ರಿಡ್‌ಗೇ ವಿದ್ಯುತ್ ಕೊಡಬೇಕೆಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಬೇಕಾಯಿತು. ಅಂಥ ತಿಂಗಳಲ್ಲಿ ಹೆಚ್ಚುವರಿ ಎಂಬುದೇ ಇರುವುದಿಲ್ಲ.

ಹಗಲಿನ ವಿದ್ಯುತ್ತನ್ನು ಸಂಜೆಗೆ ಕಾದಿಡುವ ದಾರಿಯೂ ಅಗ್ಗದ್ದಲ್ಲ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸಿಂಗಳೀಕ ಅಭಯಾರಣ್ಯದ ಕಾಡನ್ನು ಕೇಳಲಾಗುತ್ತಿದೆ, ಮಲೆನಾಡಿನಲ್ಲಿ ಅದಕ್ಕೆ ತೀವ್ರ ವಿರೋಧವೂ ಇದೆ. ಕತ್ತಲಾದ ಮೇಲೆ ಬೇಕಾಗುವ ಒಂದೊಂದು ಮೆಗಾವಾಟ್‌ಗೂ ಪಶ್ಚಿಮ ಘಟ್ಟದಲ್ಲಿ ಬೆಲೆ ತೆರುತ್ತಿರುವ ರಾಜ್ಯ, ಆ ಮೆಗಾವಾಟ್ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಕೇಳುವ ಹಕ್ಕನ್ನು ಬಿಟ್ಟುಕೊಡಬಾರದು.

ಗ್ರಿಡ್‌ಗೆ ಒತ್ತಡ ಬಂದಾಗ ಕ್ಷಣದಲ್ಲಿ ಯಂತ್ರಗಳನ್ನು ನಿಲ್ಲಿಸಿ ನೆರವಾಗುತ್ತೇವೆ ಎಂಬ ಇನ್ನೊಂದು ವಾದವನ್ನು ಟೆಕ್ಸಸ್ ಪರೀಕ್ಷೆಗೆ ಒಡ್ಡಿದೆ. ತಾಂತ್ರಿಕವಾಗಿ ಅದು ನಿಜ. ಆಸ್ಪತ್ರೆಯನ್ನೋ ಉಕ್ಕಿನ ಕುಲುಮೆಯನ್ನೋ ಹಾಗೆ ನಿಲ್ಲಿಸಲಾಗದು, ಇವನ್ನು ನಿಲ್ಲಿಸಬಹುದು. ಆದರೆ 2023ರ ಆಗಸ್ಟ್‌ನ ಬಿಸಿಗಾಳಿಯಲ್ಲಿ ರಯಟ್ ಎಂಬ ಕಂಪನಿ ಹೀಗೆ ಬಳಕೆ ತಗ್ಗಿಸಿದ್ದಕ್ಕೆ ಮತ್ತು ಮೊದಲೇ ಕಾಯ್ದಿರಿಸಿದ ವಿದ್ಯುತ್ತನ್ನು ಮರಳಿ ಮಾರಿದ್ದಕ್ಕೆ 3.17 ಕೋಟಿ ಡಾಲರ್ ಮೊತ್ತದ ಕ್ರೆಡಿಟ್ ಪಡೆಯಿತು. ಅದೇ ತಿಂಗಳು ಅದು ಗಳಿಸಿದ 333 ಬಿಟ್‌ಕಾಯಿನ್‌ಗಳ ಬೆಲೆ ಒಂದು ಕೋಟಿ ಡಾಲರ್‌ಗಿಂತ ಕಡಿಮೆ. ಹೊರೆಯನ್ನು ಸೃಷ್ಟಿಸಿದವರಿಗೇ ಹೊರೆ ಇಳಿಸಿದ್ದಕ್ಕೆ ಹಣ ಸಿಕ್ಕಿದಂತಾಯಿತು.

ಇಂಗಾಲವನ್ನು ಬಿಟ್ಟು ಉಳಿದ ಪರಿಣಾಮಗಳಲ್ಲಿ ಇ-ತ್ಯಾಜ್ಯ ಮುಖ್ಯವಾದುದು. ಈ ಯಂತ್ರಗಳ ಚಿಪ್‌ಗಳಿಗೆ ಎಸ್‌ಎಚ್‌ಎ-256 ಬಿಟ್ಟು ಬೇರೇನೂ ಬಾರದು. ಗಿಟ್ಟದೆ ಹೋದ ದಿನ ಅವು ಗುಜರಿ. ವರ್ಷಕ್ಕೆ ಸುಮಾರು 30,700 ಟನ್ ತ್ಯಾಜ್ಯವೆಂದು 2021ರ ಒಂದು ಸಂಶೋಧನೆ ಅಂದಾಜಿಸಿತ್ತು. ಯಂತ್ರದ ಆಯುಷ್ಯ ಒಂದೂಕಾಲು ವರ್ಷದಷ್ಟು ಎಂಬ ಅದರ ಊಹೆ ಅತಿಯಾಯಿತು, ಅಗ್ಗದ ಕರೆಂಟ್ ಇರುವೆಡೆ ಹಳೆಯ ಯಂತ್ರಗಳು ಹಲವು ವರ್ಷ ಓಡುತ್ತವೆ. ಆದರೆ ಹಾಗೆ ಉಳಿಯುವುದು ಅತಿ ಹೆಚ್ಚು ವಿದ್ಯುತ್ ತಿನ್ನುವ ಯಂತ್ರಗಳೇ ಎಂಬುದನ್ನೂ ಮರೆಯುವಂತಿಲ್ಲ.

ಅತಿಶಯೋಕ್ತಿ ಎರಡೂ ಕಡೆ ಇದೆ. ಬಿಟ್‌ಕಾಯಿನ್ ಒಂದೇ ಭೂಮಿಯ ತಾಪವನ್ನು 2 ಡಿಗ್ರಿ ದಾಟಿಸಬಲ್ಲದು ಎಂದು 2018ರಲ್ಲಿ ಬಂದ ಪ್ರಬಂಧ ಸಹ ಸಂಶೋಧಕರ ಟೀಕೆಯ ಎದುರು ನಿಲ್ಲಲಿಲ್ಲ. ಒಂದು ವಹಿವಾಟಿಗೆ ಇಷ್ಟು ನೂರು ಯೂನಿಟ್ ಎಂಬ ಜನಪ್ರಿಯ ಲೆಕ್ಕವೂ ದಾರಿ ತಪ್ಪಿಸುತ್ತದೆ, ಏಕೆಂದರೆ ಬ್ಲಾಕ್‌ನಲ್ಲಿ ಒಂದು ವಹಿವಾಟು ಹೆಚ್ಚಾದರೆ ವಿದ್ಯುತ್ ಹೆಚ್ಚಾಗುವುದಿಲ್ಲ. ವಾರ್ಷಿಕ 4 ಕೋಟಿ ಟನ್‌ಗಳ ಆಸುಪಾಸಿನ ಹೊರಸೂಸುವಿಕೆ ಎಂಬ ಕೇಂಬ್ರಿಜ್ ಅಂದಾಜೇ ಚಿಂತೆಗೆ ಸಾಕಾಗುವಷ್ಟಿದೆ. ಅದನ್ನು ಹಿಗ್ಗಿಸುವ ಅಗತ್ಯವಿಲ್ಲ.

ಬೇರೆ ದಾರಿ ಇದೆಯೆಂಬುದನ್ನು ಇಥೀರಿಯಂ ತೋರಿಸಿಕೊಟ್ಟಿದೆ. 2022ರ ಸೆಪ್ಟೆಂಬರ್ 15ರಂದು ಅದು ಲೆಕ್ಕದ ಪೈಪೋಟಿಯನ್ನು ಕೈಬಿಟ್ಟು, ನಾಣ್ಯಗಳನ್ನು ಠೇವಣಿಯಿಟ್ಟವರಿಂದ ಬ್ಲಾಕ್ ರಚಿಸುವವರನ್ನು ಆರಿಸುವ ಪದ್ಧತಿಗೆ ಬದಲಾಯಿತು. ಮೋಸ ಮಾಡಿದರೆ ಠೇವಣಿ ಹೋಗುತ್ತದೆ. ವಿದ್ಯುತ್ ಬಳಕೆ ಶೇ. 99.9ಕ್ಕೂ ಹೆಚ್ಚು ಇಳಿಯಿತು. ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ ಕೊಳ್ಳುವವರಿಗೆ ಇದರ ನೆನಪಿರಬೇಕು: ಜಗತ್ತಿನಾದ್ಯಂತ ಇಥೀರಿಯಂ ಗಣಿಗಾರರು ಎತ್ತಿಕೊಂಡ ಕಾರಣಕ್ಕೆ 2021ರಲ್ಲಿ ಕೈಗೆಟುಕದಂತಾಗಿದ್ದ ಗ್ರಾಫಿಕ್ಸ್ ಕಾರ್ಡ್‌ಗಳು ಈ ಬದಲಾವಣೆಯ ನಂತರ ಸೆಕೆಂಡ್ ಹ್ಯಾಂಡ್ ಆಗಿ ಮಾರುಕಟ್ಟೆಗೆ ಮರಳಿದವು. ಠೇವಣಿ ಪದ್ಧತಿಯಲ್ಲಿ ಹಣವಂತರ ಕೈಗೆ ಅಧಿಕಾರ ಸೇರುತ್ತದೆ ಎಂಬ ಬಿಟ್‌ಕಾಯಿನ್ ಬೆಂಬಲಿಗರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಸಾವಿರಾರು ಯಂತ್ರಗಳ ಶೆಡ್‌ಗಳೂ ಕೆಲವೇ ಪೂಲ್‌ಗಳೂ ಆಳುವ ಇಂದಿನ ಗಣಿಗಾರಿಕೆ ಸಾಮಾನ್ಯರ ಕೈಯಲ್ಲಿದೆಯೆಂದು ಹೇಳಲು ಸಾಧ್ಯವಿಲ್ಲ.

ಬಿಟ್‌ಕಾಯಿನ್‌ನ ನಿಯಮವನ್ನು ಬೆಂಗಳೂರಿನಿಂದ ಬದಲಿಸಲಾಗದು. ಇಲ್ಲಿ ಆಗಬಹುದಾದ ಕೆಲಸ ಮಾಹಿತಿಗೆ ಸಂಬಂಧಿಸಿದ್ದು. ಅಮೆರಿಕದ ಇಂಧನ ಮಾಹಿತಿ ಆಡಳಿತ 2024ರಲ್ಲಿ, ದೇಶದ ವಿದ್ಯುತ್ತಿನ ಶೇ. 0.6ರಿಂದ 2.3ರಷ್ಟು ಗಣಿಗಾರಿಕೆಗೆ ಹೋಗುತ್ತಿರಬಹುದೆಂದು ಅಂದಾಜಿಸಿ, ಕಂಪನಿಗಳಿಂದ ತುರ್ತು ಸಮೀಕ್ಷೆಯಲ್ಲಿ ಮಾಹಿತಿ ಕೇಳಿತು. ಉದ್ಯಮ ನ್ಯಾಯಾಲಯಕ್ಕೆ ಹೋಯಿತು. ಸಮೀಕ್ಷೆ ನಿಂತಿತು, ಅಷ್ಟರಲ್ಲಿ ಬಂದಿದ್ದ ಮಾಹಿತಿಯನ್ನೂ ನಾಶಪಡಿಸಲು ಆಡಳಿತ ಒಪ್ಪಬೇಕಾಯಿತು. ಉದ್ಯಮ ಬೇರೂರಿದ ಮೇಲೆ ಲೆಕ್ಕ ಕೇಳುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಕರ್ನಾಟಕಕ್ಕೆ ತನ್ನದೇ ಡೇಟಾ ಸೆಂಟರ್ ನೀತಿಯಿದೆ, ಕೃತಕ ಬುದ್ಧಿಮತ್ತೆಗಾಗಿ ಇನ್ನೂ ದೊಡ್ಡ ಕಂಪ್ಯೂಟರ್ ಹೊರೆಗಳು ಬರಲಿವೆ. ಗಣಿಗಾರಿಕೆಯ ಯಂತ್ರಗಳು ಡೇಟಾ ಸೆಂಟರ್ ಹೆಸರಿನಲ್ಲಿ ರಿಯಾಯಿತಿ ಪಡೆಯದಂತೆ ಈಗಲೇ ಗೆರೆ ಎಳೆಯಬಹುದು. ಒಂದು ಮೆಗಾವಾಟ್ ಮೀರಿದ ಕಂಪ್ಯೂಟಿಂಗ್ ಹೊರೆಗಳಿಗೆ ಪ್ರತ್ಯೇಕ ವರ್ಗ, ಗಂಟೆವಾರು ಬಳಕೆಯ ಪ್ರಕಟಣೆ, ಸಂಜೆಯ ಗಂಟೆಗಳಲ್ಲಿ ರಿಯಾಯಿತಿಯಿಲ್ಲದ ದರ ಎಂಬ ಮೂರು ಷರತ್ತುಗಳನ್ನು ಸಂಪರ್ಕ ಕೊಡುವ ಮೊದಲೇ ಬರೆಯಬಹುದು. ಸೌರ ಗಂಟೆಗಳಲ್ಲಿ ಕಡಿಮೆ, ಬೇಡಿಕೆ ಹೆಚ್ಚಿರುವ ಗಂಟೆಗಳಲ್ಲಿ ಹೆಚ್ಚು ದರ ವಿಧಿಸಬೇಕೆಂಬ ಕೇಂದ್ರದ 2023ರ ನಿಯಮ ಇದಕ್ಕೆ ಆಧಾರ ಒದಗಿಸುತ್ತದೆ. ದರ ಪರಿಷ್ಕರಣೆಗೆ ಮೊದಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಯಾವ ಗ್ರಾಹಕರು ಬೇಕಾದರೂ ಲಿಖಿತ ಆಕ್ಷೇಪ ಸಲ್ಲಿಸಬಹುದು. ಬೆಸ್ಕಾಂ ಅದಕ್ಕೆ ಉತ್ತರಿಸಲೇಬೇಕು. ಮುಂದಿನ ವಿಚಾರಣೆಯಲ್ಲಿ ಈ ಮೂರು ಷರತ್ತುಗಳನ್ನು ಗ್ರಾಹಕ ಸಂಘಟನೆಗಳು ಆಯೋಗದ ಮುಂದಿಡಬೇಕು.